ವಾಹನ ಪ್ರಶ್ನೋತ್ತರ: ಎಂಜಿನ್ ಬದಲಿಸಿದ ಮೇಲೆ ಕಾಡುವ ವಿದ್ಯುತ್ ದೋಷಗಳು

ಈ ಬಾರಿ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹಲವು ಒಂದೇ ಸಂಕಟವನ್ನು ಹೇಳುತ್ತವೆ: ಎಂಜಿನ್ ಬದಲಾಯಿತು, ಗಾಡಿ ಓಡುತ್ತಿದೆ, ಆದರೆ ವೈರಿಂಗ್ ಮಾತು ಕೇಳುತ್ತಿಲ್ಲ. ಬದಲಿಸಿದ ಎಂಜಿನ್ ಮೇಲೆ, ಬ್ಯಾಟರಿಯ ಮೇಲೆ, ಸೆಲ್ಫ್ ಮೋಟಾರಿನ ಮೇಲೆ ಅನುಮಾನಪಟ್ಟು ಒಂದೊಂದಾಗಿ ಹಣ ಸುರಿದವರೇ ಹೆಚ್ಚು. ಇಂತಹ ಗಾಡಿಗಳಲ್ಲಿ ದೋಷ ಬಹುಪಾಲು ಬಿಡಿಭಾಗಗಳಲ್ಲಿ ಇರುವುದಿಲ್ಲ. ಹಳೆಯ ಬಾಡಿಗೂ ಹೊಸ ಎಂಜಿನ್ನಿಗೂ ನಡುವೆ ಮರಳಿ ಜೋಡಿಸದೆ ಬಿಟ್ಟ ಅಥವಾ ತಪ್ಪಾಗಿ ಜೋಡಿಸಿದ ತಂತಿಗಳಲ್ಲಿ ಇರುತ್ತದೆ. ಆದ್ದರಿಂದ ಅಳೆದು ನೋಡದೆ ಏನನ್ನೂ ಬದಲಿಸಬೇಡಿ ಎಂಬುದೇ ಕೆಳಗಿನ ಎಲ್ಲ ಉತ್ತರಗಳಲ್ಲಿಯೂ ನನ್ನ ಮೊದಲ ವಿನಂತಿ. ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನದು 1997ರ ಮಾರುತಿ 800. ಎಂಜಿನ್ ಆಯಿಲ್ ಕುಡಿಯತೊಡಗಿದ್ದರಿಂದ ಗುಜರಿಯಿಂದ ಅದೇ ಕಂಪನಿಯ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ) ಎಂಜಿನ್ ಒಂದನ್ನು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ವೈರಿಂಗ್ ಕಿಟ್ ಸಮೇತ ತಂದು ಹಾಕಿಸಿದೆ. ಅಂದಿನಿಂದ ಸೆಲ್ಫ್ ಒಮ್ಮೊಮ್ಮೆ ಬಹಳ ನಿಧಾನವಾಗಿ ತಿರುಗುತ್ತದೆ, ಒಮ್ಮೊಮ್ಮೆ ‘ಟಕ್’ ಎಂದು ಸುಮ್ಮನಾಗುತ್ತದೆ. ಎಂಜಿನ್ ಸೆಲ್ಫ್ ಹೊಡೆಯುವಾಗ ಹಿಡಿಯುವುದಿಲ್ಲ, ಕೀ ಬಿಟ್ಟ ಕ್ಷಣದಲ್ಲಿ ಹಿಡಿಯುತ್ತದೆ. ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಬ್ಯಾಟರಿಯನ್ನೂ ಸೆಲ್ಫ್ ಮೋಟಾರನ್ನೂ ಬದಲಿಸಿ ನೋಡಿದ್ದಾಯಿತು. ಮೊನ್ನೆ ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗಿತ್ತು. ಎಂಜಿನ್ನೇ ಕೆಟ್ಟದ್ದೇ? (ಓದುಗರು, ಪಾಂಡವಪುರ ತಾಲ್ಲೂಕು)

ಉತ್ತರ: ಎಂಜಿನ್ ಕೆಟ್ಟದ್ದಲ್ಲ. ನಿಮ್ಮ ಪತ್ರದ ಕೊನೆಯಲ್ಲಿ ಬರೆದಿರುವ ಆ ಬಿಸಿ ಕೇಬಲ್ ಎಲ್ಲವನ್ನೂ ಹೇಳುತ್ತಿದೆ. ದಯವಿಟ್ಟು ಅದನ್ನು ಸರಿಪಡಿಸುವವರೆಗೆ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ, ಏಕೆಂದರೆ ಆ ಕೇಬಲ್ಲಿನ ಒಳಗಿನ ಪ್ಲಾಸ್ಟಿಕ್ ಕರಗಿದರೆ ಓಡುತ್ತಿರುವಾಗ ಆಕ್ಸಿಲರೇಟರ್ ಹಿಂದಿರುಗದೆ ಸಿಕ್ಕಿಕೊಳ್ಳಬಹುದು.

ಕಾರಣ ಹೀಗಿದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕುಳಿತಿರುತ್ತವೆ, ರಬ್ಬರಿನ ಮೂಲಕ ವಿದ್ಯುತ್ ಹರಿಯುವುದಿಲ್ಲ. ಸೆಲ್ಫ್ ಮೋಟಾರಿಗೆ ದಪ್ಪ ಕೆಂಪು ಕೇಬಲ್ಲಿನಿಂದ ಹೋದ ನೂರು ಆಂಪಿಯರ್‌ಗೂ ಮಿಕ್ಕಿದ ವಿದ್ಯುತ್ತು ಎಂಜಿನ್ ಬ್ಲಾಕಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಮರಳಲೇಬೇಕು. ಅದಕ್ಕೆಂದೇ ಬ್ಯಾಟರಿ, ಬಾಡಿ ಮತ್ತು ಗೇರ್‌ಬಾಕ್ಸ್ ನಡುವೆ ಅರ್ತಿಂಗ್ ಪಟ್ಟಿಗಳನ್ನು ಕೊಟ್ಟಿರುತ್ತಾರೆ. ಎಂಜಿನ್ ಇಳಿಸುವಾಗ ಬಿಚ್ಚಿದ ಪಟ್ಟಿಯನ್ನು ಮರಳಿ ಹಾಕುವುದು ಮರೆತರೆ, ಅಥವಾ ಅದನ್ನು ಬಣ್ಣ ಹಚ್ಚಿದ ತಗಡಿನ ಮೇಲೆಯೇ ಬೋಲ್ಟ್ ಮಾಡಿದರೆ, ವಿದ್ಯುತ್ತು ಸಿಕ್ಕಿದ ದಾರಿಯನ್ನು ಹಿಡಿಯುತ್ತದೆ. ಎಂಜಿನ್ನಿಗೂ ಬಾಡಿಗೂ ಲೋಹದ ಸಂಬಂಧವಿರುವುದು ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಇಂತಹವುಗಳಿಂದ ಮಾತ್ರ. ಆ ಬಡಪಾಯಿ ಕೇಬಲ್ಲುಗಳು ಸೆಲ್ಫಿನ ಭಾರವನ್ನೆಲ್ಲ ಹೊತ್ತು ಕಾಯುತ್ತವೆ.

ಹೆಡ್‌ಲೈಟ್ ಹಾಕಿದಾಗ ಟೆಂಪರೇಚರ್ ಮುಳ್ಳು ಏರುವುದೂ ಇದೇ ದೋಷದ ಗುರುತು. ಎಂಜಿನ್ ಓಡುವಾಗ ಹೆಡ್‌ಲೈಟಿಗೆ ವಿದ್ಯುತ್ ಕೊಡುವುದು ಎಂಜಿನ್ ಮೇಲಿರುವ ಆಲ್ಟರ್ನೇಟರ್. ಲೈಟಿನಿಂದ ಬಾಡಿಗೆ ಬಂದ ವಿದ್ಯುತ್ತು ಅದೇ ದುರ್ಬಲ ಅರ್ತಿಂಗ್ ಮೂಲಕ ಎಂಜಿನ್ನಿಗೆ ಮರಳುವಾಗ ಎಂಜಿನ್ನಿಗೂ ಬಾಡಿಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಉಂಟಾಗುತ್ತದೆ. ಮೀಟರ್ ಬೋರ್ಡಿನ ಮುಳ್ಳಿಗೆ ಎಂಜಿನ್ನಿನ ಶಾಖವೂ ಗೊತ್ತಿಲ್ಲ, ಅರ್ತಿಂಗೂ ಗೊತ್ತಿಲ್ಲ. ತನ್ನ ಮೂಲಕ ಎಷ್ಟು ವಿದ್ಯುತ್ತು ಹರಿಯಿತೋ ಅಷ್ಟನ್ನು ತೋರಿಸುತ್ತದೆ. ಹೆಡ್‌ಲೈಟ್ ಹಾಕಿದ ಮಾತ್ರಕ್ಕೆ ಯಾವ ಎಂಜಿನ್ನೂ ಒಂದು ಕ್ಷಣದಲ್ಲಿ ಬಿಸಿಯಾಗುವುದಿಲ್ಲ.

ಇದನ್ನು ಊಹೆಗೆ ಬಿಡದೆ ಅಳೆಯುವ ಕ್ರಮವನ್ನು ಬರೆಯುತ್ತೇನೆ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಎಂಜಿನ್ ಹಿಡಿಯದಂತೆ ಫ್ಯುಯಲ್ ಪಂಪಿನ ಫ್ಯೂಸ್ ತೆಗೆಯಿರಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ ಹಿಡಿಯಿರಿ, ಕಂಬಕ್ಕೆ ಹಾಕಿದ ಕ್ಲಾಂಪಿಗಲ್ಲ. ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ, ಇನ್ನೊಬ್ಬರಿಂದ ಮೂರು ನಾಲ್ಕು ಸೆಕೆಂಡ್ ಸೆಲ್ಫ್ ಹೊಡೆಸಿರಿ. ಆಗ ಬರುವ ಅಂಕೆ 0.2 ವೋಲ್ಟಿಗಿಂತ ಕಡಿಮೆ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಅರ್ತಿಂಗ್ ಕೆಟ್ಟಿದೆ. ಎರಡು ಮೂರು ವೋಲ್ಟ್ ತೋರಿಸಿದರೆ ಪಟ್ಟಿ ಇಲ್ಲವೇ ಇಲ್ಲ ಎಂದು ತಿಳಿಯಿರಿ. ಇದೇ ರೀತಿ ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಸೆಲ್ಫ್ ಮೋಟಾರಿನ ದಪ್ಪ ಕೇಬಲ್ ಕೂರುವ ಬೋಲ್ಟಿಗೂ ನಡುವೆ ಅಳೆದರೆ ಅರ್ಧ ವೋಲ್ಟಿನೊಳಗೆ ಇರಬೇಕು.

ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ನಡುವೆ ಹೂಳು ತುಂಬಿದ್ದರೆ ಕೊನೆಯ ಗದ್ದೆಗೆ ನೀರು ತಲುಪದಿರುವುದನ್ನು ನಿಮ್ಮ ತಾಲ್ಲೂಕಿನವರಿಗೆ ವಿವರಿಸಬೇಕಿಲ್ಲ. ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೂ ತುಕ್ಕು ಹಿಡಿದ ಒಂದು ಜೋಡಣೆಯೇ ಎರಡು ವೋಲ್ಟ್ ನುಂಗಿದರೆ ಸೆಲ್ಫಿನ ಪಾಲಿಗೆ ಉಳಿಯುವುದು ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಅನೇಕ ಗ್ಯಾರೇಜುಗಳಲ್ಲಿ ಮಲ್ಟಿಮೀಟರನ್ನು ‘ಬೀಪ್’ ಗುರುತಿಗೆ ತಿರುಗಿಸಿ, ಸದ್ದು ಬಂದರೆ ಅರ್ತಿಂಗ್ ಸರಿಯಿದೆ ಎಂದು ತೀರ್ಮಾನಿಸುತ್ತಾರೆ. ಅದು ಪರೀಕ್ಷೆಯೇ ಅಲ್ಲ. ನೂರು ಎಳೆಗಳ ಪಟ್ಟಿಯಲ್ಲಿ ತೊಂಬತ್ತೊಂಬತ್ತು ಕತ್ತರಿಸಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಸದ್ದು ಮಾಡುತ್ತದೆ, ಏಕೆಂದರೆ ಆಗ ಅದರಲ್ಲಿ ಹರಿಯುವುದು ಆಂಪಿಯರಿನ ಸಾವಿರದ ಒಂದು ಭಾಗದಷ್ಟು. 0.02 ಓಮ್‌ನಷ್ಟು ಅಡ್ಡಿಯನ್ನು ಸಾಧಾರಣ ಮೀಟರ್ ತೋರಿಸಲಾರದು; ಆದರೆ ಅದೇ ಅಡ್ಡಿಯ ಮೂಲಕ 100 ಆಂಪಿಯರ್ ಹರಿದರೆ 2 ವೋಲ್ಟ್ ಕಳೆದುಹೋಗುತ್ತದೆ. ಭಾರ ಹೊತ್ತಿರುವಾಗ ಅಳೆದ ಅಂಕೆಯನ್ನು ಮಾತ್ರ ನಂಬಿರಿ.

ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಕಂಬಗಳ ನಡುವಿನ ವೋಲ್ಟೇಜನ್ನೂ ನೋಡಿ. ಅದು 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ದುರ್ಬಲವಾಗಿರಬಹುದು, ಅಥವಾ ಸೆಲ್ಫ್ ಮೋಟಾರ್ ಬಿಗಿಯಾಗಿ ಹೆಚ್ಚು ವಿದ್ಯುತ್ ಎಳೆಯುತ್ತಿರಬಹುದು. ಸೆಲ್ಫ್ ಆಮೆಯಂತೆ ತಿರುಗುತ್ತಿದ್ದರೂ ಬ್ಯಾಟರಿಯಲ್ಲಿ ಹನ್ನೊಂದೂವರೆ ವೋಲ್ಟ್ ಹಾಗೆಯೇ ನಿಂತಿದ್ದರೆ, ಬ್ಯಾಟರಿ ಕೊಡಲು ಸಿದ್ಧವಿದೆ, ದಾರಿ ಕಟ್ಟಿದೆ ಎಂದೇ ಅರ್ಥ. ಈ ಒಂದು ಅಳತೆಯನ್ನು ಮೊದಲೇ ಮಾಡಿದ್ದರೆ ನಿಮ್ಮ ಹಳೆಯ ಬ್ಯಾಟರಿಯೂ ಸೆಲ್ಫ್ ಮೋಟಾರೂ ಉಳಿಯುತ್ತಿದ್ದವು.

ಸರಿಪಡಿಸುವ ಕ್ರಮ ಕಷ್ಟದ್ದಲ್ಲ. ಪಟ್ಟಿ ಕೂರುವ ಜಾಗದ ಬಣ್ಣ, ಗ್ರೀಸ್, ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, 16 ಚದರ ಮಿಲಿಮೀಟರಿಗೆ ಕಡಿಮೆ ಇಲ್ಲದ ತಾಮ್ರದ ಕೇಬಲ್ಲಿಗೆ ಎರಡೂ ತುದಿಯಲ್ಲಿ ತಾಮ್ರದ ಲಗ್ (ಬೋಲ್ಟ್ ಕೂರುವ ಬಳೆಯಂತಹ ತುದಿ) ಒತ್ತಿಸಿ, ಒಂದನ್ನು ಬ್ಯಾಟರಿ ನೆಗೆಟಿವ್‌ನಿಂದ ಗೇರ್‌ಬಾಕ್ಸಿನ ಬೋಲ್ಟಿಗೂ ಇನ್ನೊಂದನ್ನು ಎಂಜಿನ್ನಿನಿಂದ ಬಾಡಿಗೂ ಬಿಗಿಯಿರಿ. ಬಿಗಿದ ಮೇಲೆ ಸ್ವಲ್ಪ ಗ್ರೀಸ್ ಅಥವಾ ವ್ಯಾಸಲೀನ್ ಸವರಿದರೆ ಮಳೆಗಾಲದಲ್ಲಿ ತುಕ್ಕು ಹಿಡಿಯುವುದಿಲ್ಲ. ಎಂಪಿಎಫ್‌ಐ ಎಂಜಿನ್ ಆದ್ದರಿಂದ ಇನ್ನೊಂದು ಕೆಲಸವಿದೆ: ಇಸಿಯುವಿನ ಅರ್ತಿಂಗ್ ತಂತಿಗಳು ಸಾಮಾನ್ಯವಾಗಿ ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಗಳ) ಮೇಲೆಯೇ ಸಣ್ಣ ಬೋಲ್ಟಿನಿಂದ ಕೂರುತ್ತವೆ. ಕಿಟ್ ಜೋಡಿಸುವ ಅವಸರದಲ್ಲಿ ಅವು ನೇತಾಡುತ್ತಾ ಉಳಿದಿಲ್ಲವೆಂಬುದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ.

ಇನ್ನು, ಕೀ ಬಿಟ್ಟಾಗಲೇ ಎಂಜಿನ್ ಹಿಡಿಯುವ ವಿಚಾರ. ಇದು ಅರ್ತಿಂಗಿಗೆ ಸಂಬಂಧಿಸಿಲ್ಲದ ಬೇರೆಯೇ ದೋಷ. ಇಗ್ನಿಷನ್ ಸ್ವಿಚ್ಚಿನ ಹಿಂದಿನ ತಂತಿಗಳೆಲ್ಲ ಒಂದೇ ರೀತಿಯವಲ್ಲ. ರೇಡಿಯೋ, ಫ್ಯಾನ್, ವೈಪರ್ ಇಂತಹವುಗಳ ತಂತಿಯಲ್ಲಿ ಕೀ ‘ಆನ್’ ಇದ್ದಾಗ ವಿದ್ಯುತ್ ಇರುತ್ತದೆ, ಸೆಲ್ಫ್ ಹೊಡೆಯುವಾಗ ಮಾತ್ರ ಕಡಿತವಾಗುತ್ತದೆ; ಬ್ಯಾಟರಿಯ ಬಲವೆಲ್ಲ ಸೆಲ್ಫಿಗೇ ಸಿಗಲಿ ಎಂದು ಕಂಪನಿಯವರೇ ಹಾಗೆ ಮಾಡಿರುತ್ತಾರೆ. ಇಗ್ನಿಷನ್ ಕಾಯಿಲಿನ ತಂತಿ ಮಾತ್ರ ‘ಆನ್’ನಲ್ಲಿಯೂ ‘ಸ್ಟಾರ್ಟ್’ನಲ್ಲಿಯೂ ಜೀವಂತವಾಗಿರುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್ ಇಸಿಯುವಿನ ತಂತಿಯನ್ನು ಮೊದಲನೆಯ ಬಗೆಯ ತಂತಿಗೆ ಸೇರಿಸಿರಬೇಕು. ಆದ್ದರಿಂದ ಸೆಲ್ಫ್ ತಿರುಗುವಷ್ಟು ಹೊತ್ತೂ ಇಸಿಯು ನಿದ್ದೆಯಲ್ಲಿರುತ್ತದೆ. ಕೀ ಬಿಟ್ಟೊಡನೆ ಎಚ್ಚೆತ್ತು, ಎಂಜಿನ್ ಇನ್ನೂ ಉಳಿದ ವೇಗದಲ್ಲಿ ತಿರುಗುತ್ತಿರುವಾಗಲೇ ಪೆಟ್ರೋಲ್ ಮತ್ತು ಕಿಡಿ ಕೊಡುತ್ತದೆ. ಸ್ವಿಚ್ಚಿನ ಕಪ್ಲರ್ (ತಂತಿಗಳನ್ನು ಸಿಕ್ಕಿಸುವ ಜೋಡಣೆ) ಹಿಂದೆ ಮೀಟರ್ ಹಿಡಿದು, ಸೆಲ್ಫ್ ಹೊಡೆಯುವಾಗಲೂ ವೋಲ್ಟೇಜ್ ಉಳಿಯುವ ತಂತಿಯನ್ನು ಗುರುತಿಸಿ, ಇಸಿಯುವನ್ನು ಅದಕ್ಕೆ ವರ್ಗಾಯಿಸಬೇಕು. ಬಲ್ಬ್ ಹಾಕಿದ ಹಳೆಯ ಟೆಸ್ಟ್ ಲ್ಯಾಂಪನ್ನು ಇಸಿಯುವಿನ ತಂತಿಗಳಿಗೆ ಚುಚ್ಚಲು ಬಿಡಬೇಡಿ. ಆ ಬಲ್ಬ್ ಎಳೆಯುವ ವಿದ್ಯುತ್ತಿಗೇ ಒಳಗಿನ ಸೂಕ್ಷ್ಮ ಭಾಗಗಳು ಸುಡಬಹುದು.

ಫ್ಯುಯಲ್ ಪಂಪಿನ ತಂತಿಯನ್ನೂ ಒಮ್ಮೆ ಪರಿಶೀಲಿಸಿ. ಕಾರ್ಬುರೇಟರ್ ಗಾಡಿಯಲ್ಲಿ ಎಂಜಿನ್ ಮೇಲೆಯೇ ಯಾಂತ್ರಿಕ ಪಂಪ್ ಇದ್ದುದರಿಂದ ಟ್ಯಾಂಕಿನವರೆಗೆ ಪಂಪಿನ ವೈರ್ ಇರುವುದಿಲ್ಲ, ಹೊಸದಾಗಿ ಎಳೆಯಬೇಕು. ಹಲವರು ಇದನ್ನು ಇಗ್ನಿಷನ್ ತಂತಿಯಿಂದ ನೇರವಾಗಿ ಎಳೆದುಬಿಡುತ್ತಾರೆ. ಹಾಗೆ ಮಾಡಿದರೆ ಅಪಘಾತವಾಗಿ ಎಂಜಿನ್ ನಿಂತ ಮೇಲೂ ಪಂಪ್ ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ. ಇಸಿಯು ನಿಯಂತ್ರಿಸುವ ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್) ಮೂಲಕವೇ ಪಂಪಿಗೆ ವಿದ್ಯುತ್ ಹೋಗಬೇಕು: ಕೀ ಆನ್ ಮಾಡಿದೊಡನೆ ಎರಡು ಮೂರು ಸೆಕೆಂಡ್ ಹಿಂಬದಿಯಿಂದ ‘ಗುಂಯ್’ ಎಂಬ ಸದ್ದು ಕೇಳಿ ನಿಂತುಹೋದರೆ ಸರಿಯಾಗಿದೆ, ನಿಲ್ಲದೆ ಕೇಳುತ್ತಲೇ ಇದ್ದರೆ ತಪ್ಪು ಜೋಡಣೆ. ಈ ವಿಷಯದಲ್ಲಿ ರಾಜಿ ಬೇಡ. ಎಂಪಿಎಫ್‌ಐ ಪಂಪಿನ ಒತ್ತಡ ಹಳೆಯ ಪಂಪಿಗಿಂತ ಹತ್ತು ಪಟ್ಟಿನಷ್ಟು ಇರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೂ ಉಳಿಸಬೇಡಿ.

ಕೊನೆಯದಾಗಿ ‘ಚೆಕ್ ಎಂಜಿನ್’ ದೀಪ. ನಿಮ್ಮ ಹಳೆಯ ಮೀಟರ್ ಬೋರ್ಡಿನಲ್ಲಿ ಅದು ಇರುವುದಿಲ್ಲ, ಆದರೆ ಇಸಿಯುವಿಗೆ ಬಾಯಿ ಎಂಬುದಿದ್ದರೆ ಅದೇ. ಒಂದು ಸಣ್ಣ 12 ವೋಲ್ಟ್ ಬಲ್ಬಿನ ಒಂದು ತುದಿಯನ್ನು ಇಗ್ನಿಷನ್ ತಂತಿಗೂ ಇನ್ನೊಂದನ್ನು ಇಸಿಯುವಿನ ಆ ತಂತಿಗೂ ಸೇರಿಸಿ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿರಿ. ಕೀ ಆನ್ ಮಾಡಿದಾಗ ಹೊತ್ತಿ, ಎಂಜಿನ್ ಹಿಡಿದ ಮೇಲೆ ಆರಬೇಕು. ಹಳೆಯ ಮಾರುತಿ ಎಂಪಿಎಫ್‌ಐ ಎಂಜಿನ್ನುಗಳಲ್ಲಿ ಪರೀಕ್ಷಾ ಕಪ್ಲರಿನ ನಿಗದಿತ ತಂತಿಯನ್ನು ಅರ್ತ್ ಮಾಡಿದರೆ ಈ ದೀಪ ಮಿನುಗಿ ದೋಷದ ಸಂಖ್ಯೆಯನ್ನು ಹೇಳುತ್ತದೆ. ಒಂದು ಸಲ ಮಿನುಗಿ, ಸ್ವಲ್ಪ ಬಿಟ್ಟು ಎರಡು ಸಲ ಮಿನುಗಿದರೆ 12, ಅಂದರೆ ದೋಷವಿಲ್ಲ. ಕೇಬಲ್ಲಿನ ಸ್ಪೀಡೋಮೀಟರ್ ಉಳ್ಳ ನಿಮ್ಮ ಗಾಡಿಯಲ್ಲಿ ವೇಗದ ಸೆನ್ಸರ್ ಜೋಡಿಸಿರದಿದ್ದರೆ ಆ ಸೆನ್ಸರಿನ ದೋಷವನ್ನು ಅದು ತೋರಿಸುತ್ತಲೇ ಇರಬಹುದು. ಅದರಿಂದ ಗಾಬರಿ ಬೇಡ, ಮೊದಲು ಅರ್ತಿಂಗ್ ಮುಗಿಸಿ.

ಪ್ರಶ್ನೆ: ನಮ್ಮ ಆಲೆಮನೆಯ ಹಳೆಯ ಜೀಪಿಗೆ ಬೇರೆ ಡೀಸೆಲ್ ಎಂಜಿನ್ ಕೂರಿಸಿದೆವು. ಅದರೊಂದಿಗೆ ಬಂದ ದೊಡ್ಡ ಆಲ್ಟರ್ನೇಟರ್ ಮೊದಲು ಚಾರ್ಜ್ ಮಾಡುತ್ತಲೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಅದರ ಸಣ್ಣ ತಂತಿಯನ್ನು ಬ್ಯಾಟರಿಗೆ ಸೇರಿಸಿದ ಮೇಲೆ ಚಾರ್ಜ್ ಆಗುತ್ತಿದೆ, ಆದರೆ ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಬ್ಯಾಟರಿ ಪೂರ್ತಿ ಡೌನ್. (ಓದುಗರು, ಮದ್ದೂರು)

ಉತ್ತರ: ಆ ಸಣ್ಣ ತಂತಿಯೇ ಬ್ಯಾಟರಿಯನ್ನು ಕುಡಿಯುತ್ತಿದೆ. ಆಲ್ಟರ್ನೇಟರ್ ತಾನಾಗಿಯೇ ವಿದ್ಯುತ್ ಹುಟ್ಟಿಸಲು ಆರಂಭಿಸುವುದಿಲ್ಲ. ಅದರ ಒಳಗೆ ತಿರುಗುವ ಸುರುಳಿಗೆ ಮೊದಲು ಹೊರಗಿನಿಂದ ಸ್ವಲ್ಪ ವಿದ್ಯುತ್ ಕೊಟ್ಟು ಅದನ್ನು ಅಯಸ್ಕಾಂತವಾಗಿಸಬೇಕು. ಈ ಕೆಲಸವನ್ನು ಮೀಟರ್ ಬೋರ್ಡಿನ ಕೆಂಪು ಬ್ಯಾಟರಿ ದೀಪದ ಮೂಲಕ ಮಾಡಿಸುತ್ತಾರೆ: ಇಗ್ನಿಷನ್‌ನಿಂದ ದೀಪಕ್ಕೆ, ದೀಪದಿಂದ ಆಲ್ಟರ್ನೇಟರಿನ ‘ಎಲ್’ ಅಥವಾ ‘ಡಿ ಪ್ಲಸ್’ ಮೊನೆಗೆ. ಜನರು ಇದನ್ನು ಬರೀ ಸೂಚನೆಯ ದೀಪವೆಂದು ತಿಳಿದು, ಎಂಜಿನ್ ಬದಲಿಸುವಾಗ ಕೈಬಿಡುತ್ತಾರೆ. ಆಗ ಚಾರ್ಜಿಂಗ್ ಶುರುವಾಗುವುದಿಲ್ಲ, ಅಥವಾ ಒಮ್ಮೆ ಜೋರಾಗಿ ರೇಸ್ ಮಾಡಿದ ಮೇಲೆ ಮಾತ್ರ ಶುರುವಾಗುತ್ತದೆ.

ನಿಮ್ಮ ಜೀಪಿನಲ್ಲಿ ಆ ತಂತಿ ಹಗಲು ರಾತ್ರಿ ಬ್ಯಾಟರಿಗೆ ಅಂಟಿಕೊಂಡಿದೆ. ಒಳಗಿನ ಸುರುಳಿ ಮೂರು ನಾಲ್ಕು ಆಂಪಿಯರ್ ಎಳೆಯಬಲ್ಲದು. ಹತ್ತು ಗಂಟೆಯಲ್ಲಿ ಅದು 30ರಿಂದ 40 ಆಂಪಿಯರ್ ಗಂಟೆ ಆಯಿತು. ಖಚಿತಪಡಿಸಿಕೊಳ್ಳಲು ಮೀಟರೂ ಬೇಡ. ಕೀ ತೆಗೆದು, ಎಂಜಿನ್ ನಿಂತಿರುವಾಗ, ಒಂದು ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರ್ ಪುಲ್ಲಿಯ ನಟ್ಟಿನ ಹತ್ತಿರ ಅಥವಾ ಹಿಂಬದಿಯ ಬೇರಿಂಗಿನ ಹತ್ತಿರ ಹಿಡಿಯಿರಿ. ಅದು ಸೆಳೆದು ಅಂಟಿಕೊಂಡರೆ ಸುರುಳಿಯಲ್ಲಿ ಇನ್ನೂ ವಿದ್ಯುತ್ ಹರಿಯುತ್ತಿದೆ. ಬೆಳಗಿನ ಚಳಿಯಲ್ಲಿಯೂ ಆಲ್ಟರ್ನೇಟರಿನ ಮೈ ಬೆಚ್ಚಗಿರುವುದನ್ನು ಕೈಯಿಂದಲೇ ತಿಳಿಯಬಹುದು.

ಪರಿಹಾರವೆಂದರೆ ಕೀ ಹಾಕಿದಾಗ ಮಾತ್ರ ವಿದ್ಯುತ್ ಬರುವ ತಂತಿಯಿಂದ, ನಡುವೆ 12 ವೋಲ್ಟಿನ ಎರಡು ಮೂರು ವ್ಯಾಟ್ ಬಲ್ಬ್ ಇಟ್ಟು ಆ ಮೊನೆಗೆ ಸೇರಿಸುವುದು. ಎಲ್‌ಇಡಿ ದೀಪ ಹಾಕಬೇಡಿ, ಅದರ ಮೂಲಕ ಸಾಕಷ್ಟು ವಿದ್ಯುತ್ ಹೋಗುವುದಿಲ್ಲ. ಎಲ್‌ಇಡಿಯೇ ಬೇಕೆಂದರೆ ಅದಕ್ಕೆ ಸಮಾನಾಂತರವಾಗಿ 68 ಓಮ್, 5 ವ್ಯಾಟಿನ ರೆಸಿಸ್ಟರ್ ಕೂರಿಸಿ. ಬಲ್ಬ್ ಬಿಟ್ಟು ನೇರವಾಗಿ ಇಗ್ನಿಷನ್‌ಗೆ ಜೋಡಿಸಿದರೆ ಇನ್ನೊಂದು ತೊಂದರೆ ಹುಟ್ಟುತ್ತದೆ: ಕೀ ಆಫ್ ಮಾಡಿದರೂ ಆಲ್ಟರ್ನೇಟರಿನಿಂದ ವಿದ್ಯುತ್ತು ಹಿಂದಕ್ಕೆ ಹರಿದು ಇಗ್ನಿಷನ್ ಸಾಲನ್ನು ಜೀವಂತವಾಗಿರಿಸುತ್ತದೆ, ಎಂಜಿನ್ ಆರುವುದೇ ಇಲ್ಲ. ಪೆಟ್ರೋಲ್ ಗಾಡಿಗಳಲ್ಲಿಯೂ, ವಿದ್ಯುತ್ತಿನಿಂದ ನಿಲ್ಲುವ ಡೀಸೆಲ್ ಗಾಡಿಗಳಲ್ಲಿಯೂ ಇದನ್ನು ಕಾಣಬಹುದು.

ತಂತಿ ಬಿಡಿಸಿದ ಮೇಲೂ ಬ್ಯಾಟರಿ ಇಳಿಯುತ್ತಿದ್ದರೆ ಆಲ್ಟರ್ನೇಟರಿನ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸೋರುತ್ತಿರಬಹುದು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಗುರುತಿನಲ್ಲಿ ಸೇರಿಸಿ ನೋಡಿ. ಮೀಟರ್ ಸೇರಿಸಿರುವಾಗ ಸೆಲ್ಫ್ ಹೊಡೆಯಬಾರದು. ನಿಂತ ಗಾಡಿಯಲ್ಲಿ 0.05 ಆಂಪಿಯರಿಗಿಂತ ಹೆಚ್ಚು ಹರಿಯಬಾರದು. ಹರಿಯುತ್ತಿದ್ದರೆ ನೆಗೆಟಿವ್ ಬಿಚ್ಚಿಯೇ ಇರುವಾಗ ಆಲ್ಟರ್ನೇಟರಿನ ದಪ್ಪ ತಂತಿ ತೆಗೆದು ಟೇಪ್ ಸುತ್ತಿ ಮತ್ತೆ ಅಳೆಯಿರಿ. ಅಂಕೆ ಸೊನ್ನೆಗೆ ಇಳಿದರೆ ದೋಷ ಅಲ್ಲಿಯೇ ಇದೆ, ಇಳಿಯದಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಬೇಕು.

ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಹಳೆಯ ಆಮೀಟರ್ ಇದ್ದರೆ ಅದರ ವಿಚಾರವನ್ನೂ ಬಿಡುವಂತಿಲ್ಲ. ಚಾರ್ಜಿಂಗಿನ ವಿದ್ಯುತ್ತೆಲ್ಲ ಆ ಮೀಟರಿನ ಮೂಲಕವೇ ಹಾದುಹೋಗುತ್ತದೆ, ಮತ್ತು ಅದನ್ನು ಹಳೆಯ ಸಣ್ಣ ಡೈನಮೋಗೆ ತಕ್ಕಂತೆ ಮಾಡಿರುತ್ತಾರೆ. ದೊಡ್ಡ ಆಲ್ಟರ್ನೇಟರ್ ಬಂದ ಮೇಲೆ ಅದರ ಹಿಂದಿನ ಮೊನೆಗಳು ಕಾದು ತಂತಿಯ ಹೊದಿಕೆ ಕರಗುತ್ತದೆ. ಆಮೀಟರನ್ನು ತೆಗೆದುಹಾಕಿ, ಆಲ್ಟರ್ನೇಟರಿನಿಂದ ಬ್ಯಾಟರಿಗೆ ಅದರ ಶಕ್ತಿಗೆ ತಕ್ಕ ದಪ್ಪ ಕೇಬಲ್ಲನ್ನು ಫ್ಯೂಸ್ ಸಹಿತ ಎಳೆದು, ಡ್ಯಾಶ್‌ಬೋರ್ಡಿನಲ್ಲಿ ವೋಲ್ಟ್ ಮೀಟರ್ ಇಟ್ಟುಕೊಳ್ಳಿ. ಓಡುವಾಗ 13.8ರಿಂದ 14.5 ವೋಲ್ಟ್ ತೋರಿಸುತ್ತಿದ್ದರೆ ಚಾರ್ಜಿಂಗ್ ಸರಿಯಿದೆ.

ಪ್ರಶ್ನೆ: ಎಂಜಿನ್ ಬದಲಿಸಿದ ಮೇಲೆ ಚಾಮುಂಡಿ ಬೆಟ್ಟ ಹತ್ತಿದರೂ ಟೆಂಪರೇಚರ್ ಮುಳ್ಳು ಅಲುಗುವುದಿಲ್ಲ. ಆರ್‌ಪಿಎಂ ಮೀಟರ್ ಸಹ ತಪ್ಪು ತೋರಿಸುತ್ತಿದೆ. (ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಟೆಂಪರೇಚರ್ ಮುಳ್ಳೂ ಎಂಜಿನ್ನಿನಲ್ಲಿ ಕೂತು ಶಾಖ ಅಳೆಯುವ ಸೆಂಡರ್ ಎಂಬ ಬಿಡಿಭಾಗವೂ ಜೋಡಿಯಾಗಿಯೇ ಕೆಲಸ ಮಾಡುತ್ತವೆ, ಒಂದು ಗಾಡಿಯ ಮುಳ್ಳಿಗೆ ಇನ್ನೊಂದು ಗಾಡಿಯ ಸೆಂಡರ್ ಹೊಂದುವುದಿಲ್ಲ. ಹಳೆಯ ಎಂಜಿನ್ನಿನ ಸೆಂಡರನ್ನು, ಮರೆ (ತಿರುಪಿನ ಥ್ರೆಡ್) ಹೊಂದಿದರೆ, ಹೊಸ ಎಂಜಿನ್ನಿಗೆ ಹಾಕುವುದೇ ಸುಲಭದ ದಾರಿ. ಒಂದೇ ತಂತಿಯ ಸೆಂಡರ್ ತನ್ನ ಮರೆಯ ಮೂಲಕವೇ ಅರ್ತ್ ಆಗಬೇಕು. ನೀರು ಸೋರದಿರಲೆಂದು ಮರೆಗೆ ಬಿಳಿ ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತಿ ಬಿಗಿದರೆ ಆ ಅರ್ತ್ ತಪ್ಪಿಹೋಗಿ ಮುಳ್ಳು ಸತ್ತಂತೆ ಕೂರುತ್ತದೆ. ಮೊದಲು ಅದನ್ನು ನೋಡಿ. ಇಸಿಯುವಿಗೆ ಹೋಗುವ ಎರಡು ತಂತಿಯ ಸೆನ್ಸರಿನಿಂದ ಮುಳ್ಳಿಗೆ ತಂತಿ ಕದಿಯುವುದನ್ನು ಒಪ್ಪಬೇಡಿ. ಅದು 5 ವೋಲ್ಟಿನಲ್ಲಿ ನಡೆಯುವ ಸೂಕ್ಷ್ಮ ಲೆಕ್ಕ, ಮುಳ್ಳನ್ನು ಸೇರಿಸಿದರೆ ಇಸಿಯು ಎಂಜಿನ್ನಿನ ಶಾಖವನ್ನೇ ತಪ್ಪು ತಿಳಿಯುತ್ತದೆ. ಮುಳ್ಳು ಸರಿಯಾಗುವವರೆಗೆ ಬೆಟ್ಟಕ್ಕೆ ಹೋಗಬೇಡಿ. ಆರ್‌ಪಿಎಂ ಮೀಟರ್ ಡೀಸೆಲ್ ಎಂಜಿನ್ನಿನಲ್ಲಿ ಆಲ್ಟರ್ನೇಟರಿನ ‘ಡಬ್ಲ್ಯೂ’ ಮೊನೆಯಿಂದ ಲೆಕ್ಕ ತೆಗೆದುಕೊಳ್ಳುವುದಾದರೆ ಪುಲ್ಲಿಯ ಅಳತೆ ಬದಲಾದ ಮಾತ್ರಕ್ಕೇ ತಪ್ಪು ತೋರಿಸುತ್ತದೆ. ಅದು ತೊಡಕಿನದಾದರೂ ಅಪಾಯದ್ದಲ್ಲ.

ಪ್ರಶ್ನೆ: ಹಂಪ್ ಹಾರಿದಾಗ ಮಾತ್ರ ಫ್ಯೂಸ್ ಹೋಗುತ್ತದೆ, ನಿಲ್ಲಿಸಿ ನೋಡಿದರೆ ಏನೂ ಸಿಗುವುದಿಲ್ಲ. ಮಿಸ್ತ್ರಿ ದೊಡ್ಡ ಫ್ಯೂಸ್ ಹಾಕೋಣ ಎನ್ನುತ್ತಿದ್ದಾರೆ. (ಓದುಗರು, ಶ್ರೀರಂಗಪಟ್ಟಣ)

ಉತ್ತರ: ದೊಡ್ಡ ಫ್ಯೂಸ್ ಬೇಡವೇ ಬೇಡ. 15 ಆಂಪಿಯರ್ ಜಾಗದಲ್ಲಿ 30 ಹಾಕಿದರೆ ಫ್ಯೂಸ್ ಬದಲು ತಂತಿ ಸುಡುತ್ತದೆ. ಹಾರಿಹೋದ ಫ್ಯೂಸಿನ ಎರಡು ಮೊನೆಗಳ ನಡುವೆ 21 ವ್ಯಾಟಿನ ಒಂದು ಇಂಡಿಕೇಟರ್ ಬಲ್ಬನ್ನು ತಂತಿ ಬೆಸೆದು ಸಿಕ್ಕಿಸಿರಿ, ಆ ಸಾಲಿನ ಉಪಕರಣಗಳನ್ನೆಲ್ಲ ಆಫ್ ಮಾಡಿ ಅಥವಾ ಅವುಗಳ ಕಪ್ಲರ್ ಬಿಡಿಸಿ ಇಡಿ. ಎಲ್ಲಿಯಾದರೂ ಶಾರ್ಟ್ ಆದ ಕ್ಷಣ ಬಲ್ಬ್ ಪೂರ್ಣ ಬೆಳಕಿನಲ್ಲಿ ಹೊತ್ತುತ್ತದೆ, ಎರಡು ಆಂಪಿಯರಿಗಿಂತ ಹೆಚ್ಚು ಹರಿಯದಿರುವುದರಿಂದ ಏನೂ ಸುಡುವುದಿಲ್ಲ. ಈಗ ವೈರಿಂಗ್ ಕಿಟ್ಟನ್ನು ಗೇಣು ಗೇಣಾಗಿ ಕೈಯಿಂದ ಅಲುಗಿಸುತ್ತಾ ಹೋಗಿ; ಯಾವ ಜಾಗದಲ್ಲಿ ಬಲ್ಬ್ ಮಿನುಗಿತೋ ಅಲ್ಲಿ ಟೇಪ್ ಬಿಚ್ಚಿ ನೋಡಿ. ಹೊಸ ಎಂಜಿನ್ನಿನ ಮೈಕಟ್ಟು ಹಳೆಯದಕ್ಕಿಂತ ಬೇರೆಯಾಗಿರುವುದರಿಂದ ತಂತಿಗಳು ಸೈಲೆನ್ಸರ್ ಮ್ಯಾನಿಫೋಲ್ಡಿಗೆ ತಾಗಿ ಕರಗಿರುವುದು, ಫೈರ್‌ವಾಲಿನ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ) ತೂತಿನಲ್ಲಿ ರಬ್ಬರ್ ಬಳೆಯಿಲ್ಲದೆ ತಗಡಿನ ಅಂಚಿಗೆ ಉಜ್ಜಿ ತಾಮ್ರ ಕಾಣುತ್ತಿರುವುದು, ಎಂಜಿನ್ ಅಲುಗಿದಾಗ ಬಿಗಿಯಾಗಿ ಎಳೆಯುವಷ್ಟು ತಂತಿ ಗಿಡ್ಡವಾಗಿರುವುದು ಸಾಮಾನ್ಯ. ಸರಿಪಡಿಸಿದ ಜಾಗಕ್ಕೆ ಬರೀ ಇನ್ಸುಲೇಷನ್ ಟೇಪ್ ಸುತ್ತಬೇಡಿ; ಎಂಜಿನ್ನಿನ ಶಾಖಕ್ಕೂ ಆಯಿಲ್ ಆವಿಗೂ ಅದರ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬಿಸಿಗೆ ಕುಗ್ಗುವ ಸ್ಲೀವ್ ಹಾಕಿಸಿ.

ಪ್ರಶ್ನೆ: ಎಂಜಿನ್ ಬದಲಿಸಿದ್ದನ್ನು ಆರ್‌ಟಿಒಗೆ ತಿಳಿಸಲೇಬೇಕೇ? ನನ್ನದು ಕೆಎ-11 ನೋಂದಣಿ. (ಓದುಗರು, ಮಂಡ್ಯ)

ಉತ್ತರ: ಖಂಡಿತವಾಗಿ ತಿಳಿಸಬೇಕು, ಅದೂ ಕೆಲಸಕ್ಕೆ ಮುಂಚೆಯೇ. ಆರ್‌ಸಿಯಲ್ಲಿ ಎಂಜಿನ್ ಸಂಖ್ಯೆ ಇರುವುದರಿಂದ ಎಂಜಿನ್ ಬದಲಾದರೆ ದಾಖಲೆಯೂ ಬದಲಾಗಲೇಬೇಕು. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ವಾಹನದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಆದ್ದರಿಂದ ಬೇರೆ ಮಾದರಿಯ, ಬೇರೆ ಇಂಧನದ ಎಂಜಿನ್ ಹಾಕಿಸುವ ಯೋಚನೆಯಿದ್ದವರು ಗುಜರಿಗೆ ಹೋಗುವ ಮೊದಲು ಮಂಡ್ಯದ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಬೇಕು. ಮೈಸೂರಿನವರು ತಮ್ಮ ನೋಂದಣಿಯಂತೆ ಕೆಎ-09ರ ಪಶ್ಚಿಮ ಕಚೇರಿ ಅಥವಾ ಕೆಎ-55ರ ಪೂರ್ವ ಕಚೇರಿಯಲ್ಲಿ ಕೇಳಬಹುದು. ಒಪ್ಪಿಗೆಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಕಾಯ್ದೆಯ 182ಎ ಸೆಕ್ಷನ್‌ನಲ್ಲಿ ಅವಕಾಶವಿದೆ. ಗುಜರಿಯಿಂದ ಕೊಂಡ ಎಂಜಿನ್ನಿನ ರಸೀದಿಯಲ್ಲಿ ಎಂಜಿನ್ ಸಂಖ್ಯೆಯನ್ನು ಬರೆಸಿಕೊಳ್ಳಿ, ಏಕೆಂದರೆ ಕಳವಾದ ಗಾಡಿಯ ಎಂಜಿನ್ ಎಂಬ ಅನುಮಾನ ಬಂದರೆ ನಿಮ್ಮ ಕೈಯಲ್ಲಿರುವ ಆಧಾರ ಅದೊಂದೇ. ಆರ್‌ಸಿಯಲ್ಲಿ ಹೊಸ ಸಂಖ್ಯೆ ನಮೂದಾದ ಮೇಲೆ ಅದರ ಪ್ರತಿಯನ್ನು ವಿಮಾ ಕಂಪನಿಗೂ ಕೊಟ್ಟು ಪಾಲಿಸಿಯಲ್ಲಿ ತಿದ್ದುಪಡಿ ಮಾಡಿಸಿಕೊಳ್ಳಿ.